ಗಿನ್ನಿಗಳ ಹಾಸು

ಕೂದಲು, ಮತ್ತೆ ಕೂದಲು, ಬ್ರಶ್ಶಿನಿಂದ ಎಷ್ಟು ಎಳೆದರೂ ಬರುತ್ತಲೇ ಇದೆ, ಕಂದು ಬಣ್ಣದ್ದು ಬಾದಾಮ್‌ನದು, ಬಿಳಿಯದು ಮಿಶ್ರಿಯದು, ಪ್ರಾಣಿಗಳೇ ಮನೆಯಲ್ಲಿಲ್ಲ, ಕೂದಲು ಮಾತ್ರ ಫ್ಲೀಸ್ ಬಟ್ಟೆಯನ್ನು ಬಿಡಲೊಲ್ಲದು, ಮೊದಲು ಹಿಕ್ಕೆ ಕೊಡವಬೇಕು, ಆಮೇಲೆ ಬ್ರಶ್ಶು, ಆಮೇಲೆ ವಿನೆಗರ್ ಬೆರೆಸಿದ ಬಿಸಿನೀರು, ಯಾರ ಭಾಗ್ಯಕ್ಕೆ ಈ ಶಾಸ್ತ್ರವೆಲ್ಲ, ಥೂ—ನಾಲ್ಕು ದಿನ ತವರಲ್ಲಿದ್ದು ಬರೋಣ ಅಂತ ಮಿಸ್ಬಾ ಕೆ.ಆರ್. ಪುರಕ್ಕೆ ಹೋಗಿ ಬರುವಷ್ಟರಲ್ಲಿ ಗಂಡ ಮೊಹ್ಸಿನ್ ಎರಡೂ ಗಿನಿ ಪಿಗ್‌ಗಳನ್ನು ಪಂಜರದ ಸಮೇತ ಆಫೀಸಿನ ಯಾರಿಗೋ ಕೊಟ್ಟುಬಿಟ್ಟಿದ್ದ, ಹಾಲ್‌ನ ಮೂಲೆ ಬೋಳು ಬೋಳು, ಒಗೆಯಲೆಂದು ಅವಳು ಸುತ್ತಿಟ್ಟಿದ್ದ ಈ ಒಂದು ಜೊತೆ ಹಾಸು ಮಾತ್ರ ಬಕೆಟ್ಟಿನಲ್ಲಿ ಹಾಗೇ ಬಿದ್ದಿತ್ತು. ಅಮ್ಮಿಗೆ ಹೆಸರು ಗೊತ್ತಾಗ್ಬಿಡ್ತು ಮಿಸ್ಬಾ, ನಾನೇನ್ ಮಾಡ್ಲಿ, ನಮಾಜ್ ಮಾಡೋ ಮನೇಲಿ ಪಿಗ್ಗಾ ಅಂತ ಒಂದೇ ಸಮನೆ ಅತ್ತರು, ನೀನು ಆ ಮಾತೆತ್ಬೇಡ, ಇನ್ನೂ ನೊಂದ್ಕೊಳ್ತಾರೆ, ಅಂದಿದ್ದ ಮೊಹ್ಸಿನ್. ಅವಳು ಎತ್ತಲಿಲ್ಲ. ಎಷ್ಟು ವಿಧೇಯ ಸೊಸೆ, ಎಷ್ಟು ಒಳ್ಳೆಯ ಹೆಂಡತಿ, ಆ ಮಾತನ್ನಷ್ಟೇ ಅಲ್ಲ, ಅತ್ತೆಯ ಹತ್ತಿರ ಯಾವ ಮಾತನ್ನೂ ಎತ್ತಲಿಲ್ಲ, ಚಹಾ ಕುಡಿ ಬೇಟಿ ಅಂದರೆ ಊಂ, ತಲೆನೋವಾ ಅಂದರೆ ಊಹೂಂ, ಕೂದಲು ಉದುರಲೆಂದು ಬ್ರಶ್ಶನ್ನು ತಾರಸಿಯ ಗೋಡೆಗೆ ಬಡಿದಳು, ಟಕ್ ಟಕ್, ಅದೇ ಸದ್ದು, ಮೊನ್ನೆ ರಾತ್ರಿಯ ಊಟದ ಸದ್ದು, ಸಾರಿನ ಪಾತ್ರೆಯಲ್ಲಿದ್ದ ಒಂದೇ ಒಂದು ನಲ್ಲಿ ಮೂಳೆಯನ್ನು ಅಮ್ಮಿ ಹುಡುಕಿ ತೆಗೆದು ಅವಳ ತಟ್ಟೆಗೆ ಹಾಕಿದ್ದರು, ನಿನಗೆ ಇಷ್ಟ ಅಲ್ವಾ ಬೇಟಿ, ಅವಳು ಅದನ್ನು ಮೊಹ್ಸಿನ್‌ನ ತಟ್ಟೆಗೆ ತಳ್ಳಿದಳು, ಅವನು ಮೂಳೆ ಎತ್ತಿ ಒಳಗಿನ ಮಜ್ಜೆ ಬರಲೆಂದು ತಟ್ಟೆಯ ಅಂಚಿಗೆ ಬಡಿದ, ಟಕ್ ಟಕ್.

ಗಿನ್ನಿ ಅನ್ನೋಣ ಅಂದವನು ಅವನೇ. ರಸೆಲ್ ಮಾರ್ಕೆಟ್ ಹತ್ತಿರದ ಹಕ್ಕಿ ಅಂಗಡಿಯಿಂದ ರಟ್ಟಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬರುವಾಗ ಕಿವಿಯ ಹತ್ತಿರ ಬಗ್ಗಿ, ಪಿಗ್ ಅಂದ್ರೆ ಅಮ್ಮಿ ಹೊಸಿಲು ದಾಟಿಸಲ್ಲ ನೋಡು, ಗಿನ್ನಿ ಅನ್ನೋಣ, ಗಿನ್ನಿ ಅಂದ್ರೆ ಚಿನ್ನದ ನಾಣ್ಯ, ಖುಷಿಯಾಗ್ತಾರೆ, ಇಬ್ಬರೂ ನಕ್ಕು ನಕ್ಕು, ಆಟೋದವನು ಕನ್ನಡಿಯಲ್ಲಿ ನೋಡಿದ್ದ, ಮದುವೆಯಾದ ಮೇಲೆ ಇಬ್ಬರಿಗೇ ಸೇರಿದ ಮೊದಲ ಗುಟ್ಟು ಅದು, ಅದಕ್ಕೋಸ್ಕರವೇ ಅವುಗಳ ಮೇಲೆ ಅಷ್ಟು ಮುದ್ದು ಬಂತೋ ಏನೋ, ಫ್ರಿಜ್ಜಿನ ಬಾಗಿಲು ತೆರೆದರೆ ಸಾಕು ಕೊತ್ತಂಬರಿ ಸೊಪ್ಪು ಬಂತೆಂದು ಎರಡೂ ಸೀಟಿ ಹಾಕುತ್ತಿದ್ದವು—ನೀರು ಆರಿಹೋಗುತ್ತಿದೆ, ಮುಳುಗಿಸು ಮಿಸ್ಬಾ, ಮುಳುಗಿಸು, ಈ ಬಟ್ಟೆಯನ್ನು ಈಗ ಒಗೆಯುತ್ತಿರುವುದಾದರೂ ಯಾಕೆ, ಬೆಳಿಗ್ಗೆ ಬಂದ ಆ ಫೋನಿನಿಂದ. ಅಕ್ಕಾ, ನಾನು ಹೇಮಶ್ರೀ, ರಾಮಮೂರ್ತಿ ನಗರದಿಂದ, ಮೊಹ್ಸಿನ್ ಸರ್ ಆಫೀಸಿನ ಮಧುಕರ್ ಮಿಸೆಸ್ಸು, ನಿಮ್ ಗಿನಿ ಪಿಗ್ಸ್ ನಮ್ಮನೇಲೇ ಇರೋದು, ಬಟ್ಟೆ ಒಗೆದು ಹಾಕಿದ್ರೆ ಉಚ್ಚೆ ಮೇಲೇ ನಿಂತ್ಕೊಳ್ತಿದೆ ಅಕ್ಕಾ, ಕಾಲೆಲ್ಲ ಒದ್ದೆ ಪಾಪ, ಏನ್ ಮಾಡೋದು. ಸಾಫ್ಟ್‌ನರ್ ಹಾಕಿದ್ರಾ? ಹೌದಕ್ಕಾ, ಘಮ ಅನ್ಲಿ ಅಂತ. ಹಾಕ್ಬೇಡಿ, ಅದು ಹಾಕಿದ್ರೆ ಬಟ್ಟೆ ನೀರು ಕುಡಿಯಲ್ಲ, ಬರೀ ವಿನೆಗರ್ ಹಾಕಿ ಎರಡು ಸಲ ಒಗೀರಿ, ಅದರ ಕೆಳಗೆ ಹಳೇ ಟವೆಲ್ ಹಾಸಿ, ಮಶಿನ್‌ಗೆ ಹಾಕೋದಾದ್ರೆ ದಿಂಬಿನ ಕವರ್ ಒಳಗೆ ತುಂಬಿ ಹಾಕಿ, ಇಲ್ಲಾಂದ್ರೆ ಕೂದಲು ಪೈಪಿಗೆ ಸಿಕ್ಕೊಳ್ತದೆ. ಎಷ್ಟು ಸಮಾಧಾನವಾಗಿ ಹೇಳಿದಳು, ಮಗಳನ್ನು ಕೊಟ್ಟ ಮನೆಯವರಿಗೆ ಹೇಳುವ ಹಾಗೆ, ಇನ್ನೊಂದು ಜೊತೆ ಇದೆ, ಒಗೆದು ಕಳಿಸ್ತೀನಿ ಅಂತಲೂ ಅಂದಳು, ಆಗ ಹೇಮಶ್ರೀ, ಥ್ಯಾಂಕ್ಸ್ ಅಕ್ಕಾ, ಬೇಜಾರಿಲ್ವಾ ನಿಮಗೆ, ತೊಳೆದು ತೊಳೆದು ಸಾಕಾಗಿ ನೀವೇ ಕೊಟ್ಬಿಡಿ ಅಂದ್ರಂತೆ, ಮೊಹ್ಸಿನ್ ಸರ್ ಹೇಳಿದ್ರು. ಇರಲಿ, ಹೊರಗಿನವರ ಮುಂದೆ ಅಮ್ಮಿಯ ಹೆಸರು ಯಾಕೆ ಹೇಳಬೇಕು ಅಂತ ನನ್ನ ಹೆಸರು ಹೇಳಿರಬೇಕು, ಮಾನವಂತ, ಎಂದು ಫೋನಿಟ್ಟ ಮೇಲೂ ಅವನ ಪರ ವಾದ ಮಾಡಿದ್ದಳಲ್ಲ, ಎಂಥ ದಡ್ಡಿ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಅಮ್ಮಿ, ಮೊಣಕಾಲು ನೋವಿನಲ್ಲೂ ತಾರಸಿ ಹತ್ತಿ ಬಂದಿದ್ದಾರೆ, ಏದುಸಿರು ಬಿಡುತ್ತ ಬಕೆಟ್ಟನ್ನೇ ನೋಡುತ್ತಾರೆ, ಕೈಕೂ ಬೇಟಿ, ಈಗ್ಯಾಕೆ ತೊಳೀತಿದ್ದೀ, ಇದನ್ನ ತೊಳೆಯೋಕಾಗಲ್ಲ ಅಂತ ತಾನೆ ಅವನ್ನ ಕಳಿಸಿದ್ದು, ಒಂದು ಮಾತು ನನಗೆ ಹೇಳ್ಬಾರ್ದಿತ್ತಾ, ನಾನು ತೊಳೀತಿದ್ದೆ, ಕೂತು ತೊಳೆಯೋಕೆ ನನಗೇನು ಕಷ್ಟ. ವಿನೆಗರ್ ನೀರು ಮೊಣಕೈಯಿಂದ ಇಳಿಯುತ್ತಿದೆ. ಯಾರು ಹೇಳಿದ್ರು ಅಮ್ಮಿ? ಇನ್ಯಾರು, ಮೊಹ್ಸಿನ್. ಅಮ್ಮಿ, ಅವುಗಳ ಹೆಸರು ಏನಂತ ಗೊತ್ತಾ ನಿಮಗೆ? ಗಿನಿ ಪಿಗ್ಗು, ತಂದ ದಿನವೇ ಪಕ್ಕದ್ಮನೆ ನೂರ್ಜಹಾನ್ ಹೇಳಿದ್ಲಲ್ಲ, ಹುಲ್ಲು ತಿನ್ನೋ ಜೀವ, ಹೆಸರಿಟ್ಟವರಿಗೆ ಬುದ್ಧಿಯಿಲ್ಲ ಅಂದ್ರೆ ಅದರ ತಪ್ಪಾ, ನೀವಿಬ್ರು ಗಿನ್ನಿ ಗಿನ್ನಿ ಅಂತ ಖುಷಿಯಾಗಿದ್ರಿ, ನಾನೂ ಅಂದೆ. ಸೆರಗಿನಿಂದ ಬಾಯೊರೆಸಿಕೊಂಡರು. ನನ್ನ ಮೇಲೆ ಸಿಟ್ಟು ಯಾಕೆ ಅಂತ ಹೇಳು ಬೇಟಿ, ನನಗೆ ತಿಳೀತಿಲ್ಲ. ಯಾ ಅಲ್ಲಾ, ಈ ಮುಖ ಎಲ್ಲಿ ಇಟ್ಟುಕೊಳ್ಳಲಿ, ಆಫೀಸ್ ಪ್ಯಾಂಟಿಗೆಲ್ಲ ಕೂದಲು, ನನಗೆ ಬೇಡ ಅಂತ ಅವನೇ ಅಂದಿದ್ದರೆ ಒಂದು ದಿನ ಕೂಗಾಡಿ ಅತ್ತು ಸುಮ್ಮನಾಗುತ್ತಿದ್ದಳು, ಬಾಯಿಬಿಟ್ಟು ಅಷ್ಟು ಹೇಳುವ ದಮ್ಮಿಲ್ಲದೆ ಹೆತ್ತ ತಾಯಿಯನ್ನೇ ಮುಂದೆ ತಳ್ಳಿದ, ತಾಯಿಯ ಮುಂದೆ ಹೆಂಡತಿಯನ್ನು ತಳ್ಳಿದ, ಇಬ್ಬರಿಗೂ ಮಾತೆತ್ತಬೇಡ ಅಂದ, ಇವರು ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ರೊಟ್ಟಿ ತಟ್ಟುವುದನ್ನು ದಿನಾ ನೋಡಿದ, ನೋಡಿಯೂ ಉಂಡ, ಉಂಡು ನಿದ್ದೆ ಮಾಡಿದ, ಹೇಗಾದರೂ ನಿದ್ದೆ ಬಂತೋ ಇವನಿಗೆ, ಅಮ್ಮಿ ಕೈ ಹಿಡಿಯಲು ಬರುತ್ತಿದ್ದಾರೆ, ಒದ್ದೆ ಕೈ, ನಾರುವ ಕೈ, ಬೇಡ ಅಮ್ಮಿ ಎನ್ನಬೇಕು, ಮಾಫ್ ಮಾಡಿ ಅಮ್ಮಿ ಎನ್ನಬೇಕು, ಮೊನ್ನೆ ಅಮ್ಮಿ ಹುಡುಕಿ ಕೊಟ್ಟ ನಲ್ಲಿ, ತಾನು ತಳ್ಳಿದ ನಲ್ಲಿ, ಇಬ್ಬರ ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಮೊಹ್ಸಿನ್ ಅದನ್ನು ತಟ್ಟೆಯ ಅಂಚಿಗೆ ಬಡಿಯುತ್ತಾನೆ, ಟಕ್, ಬರಲಿಲ್ಲ, ತಿರುಗಿಸಿ ಮತ್ತೆ ಬಡಿಯುತ್ತಾನೆ, ಟಕ್, ಇಬ್ಬರೂ ಸುಮ್ಮನಿದ್ದಾರೆ, ಟಕ್, ಬಾಯಿಗಿಟ್ಟು ಕಣ್ಣು ಮುಚ್ಚಿ ಹೀರುತ್ತಾನೆ—