ನಮ್ಮಾಕೆಯ ಟೋಸ್ಟು

ಪ್ರೋಟೀನ್ ಪುಡಿಯನ್ನು ನೇರವಾಗಿ ಮೊಟ್ಟೆಗೆ ಸುರಿಯಬಾರದು. ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ನೀವು ತಲೆಕೆಳಗಾಗಿ ನಿಂತರೂ ಆ ಗಂಟು ಬಿಡುವುದಿಲ್ಲ. ಮೊದಲು ಉಗುರುಬೆಚ್ಚಗಿನ ಹಾಲಿನಲ್ಲಿ ಕಲಸಿ, ಬೆರಳಿಗೆ ನುಣ್ಣಗೆ ಸಿಗುವವರೆಗೆ ತಿಕ್ಕಿ, ಆಮೇಲೆ ಸೇರಿಸಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಕೆಡಿಸಿ, ಚೆಲ್ಲಿ, ಬೈದುಕೊಂಡು ಕಲಿತೆ.

ನಾನು ಕಾರು ಓಡಿಸುವುದನ್ನು ಕಲಿಸುವವನು. ಅಡುಗೆಮನೆಗೂ ನನಗೂ ಎಣ್ಣೆ ಸೀಗೆಕಾಯಿ. ನನ್ನನ್ನು ಒಲೆಯ ಮುಂದೆ ತಂದು ನಿಲ್ಲಿಸಿದ್ದು ನಮ್ಮಾಕೆಯ ಕಾಯಿಲೆ. ಅವಳ ಹೊಟ್ಟೆಯಲ್ಲಿ ಬೆಳೆದ ಗಡ್ಡೆಯನ್ನು ಒಂದು ಸಲ ತೆಗೆದಿದ್ದರು. ವರ್ಷ ತುಂಬುವ ಮೊದಲೇ ಅದು ಮತ್ತೆ ಬಂತು. ಇನ್ನೊಂದು ಆಪರೇಷನ್ ಮಾಡಬಹುದು, ಆದರೆ ರಕ್ತದಲ್ಲಿ ಪ್ರೋಟೀನ್ ತೀರಾ ಕಡಿಮೆ ಇದೆ, ಹೀಗೇ ಕುಯ್ದರೆ ಗಾಯ ಕೂಡಿಕೊಳ್ಳುವುದಿಲ್ಲ, ಮೊದಲು ಚೆನ್ನಾಗಿ ತಿನ್ನಿಸಿ ಎಂದರು ಸರ್ಜನ್. ಅವರು ಇನ್ನೂ ಏನೇನೋ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ‘ತಿನ್ನಿಸಿ’ ಎನ್ನುವುದೊಂದೇ.

ತಿನ್ನಿಸುವುದು ಹೇಗೆ? ಮಾಂಸದ ವಾಸನೆಗೆ ಅವಳಿಗೆ ಹೊಟ್ಟೆ ತೊಳೆಸುತ್ತಿತ್ತು. ಬೇಳೆ ಕಟ್ಟು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಗ ನಾದಿನಿ ಬಂದಳು. ನಮ್ಮಾಕೆಯ ತಂಗಿ ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುವವಳು, ಮಾತಾಡುವಾಗಲೂ ಕೂತು ಏಳುವವಳು. ಬಕೆಟ್ಟಿನಷ್ಟು ದೊಡ್ಡ ಡಬ್ಬ ತಂದು ಮೇಜಿನ ಮೇಲೆ ಕುಕ್ಕಿದಳು.

“ಅಕ್ಕಂಗೆ ಬ್ರೆಡ್ಡು ಅಂದ್ರೆ ಪ್ರಾಣ. ಫ್ರೆಂಚ್ ಟೋಸ್ಟ್ ಮಾಡಿ ಭಾವ. ಒಳಗೆ ಏನಿದೆ ಅಂತ ಅವಳಿಗೆ ಗೊತ್ತೂ ಆಗಲ್ಲ.”

ಹೀಗೆ ಶುರುವಾಯಿತು. ಹಿಂದಿನ ದಿನದ ಬ್ರೆಡ್ಡೇ ಆಗಬೇಕು, ತಾಜಾ ಬ್ರೆಡ್ಡು ಹಾಲಿಗೆ ಬಿದ್ದ ಕೂಡಲೇ ಮುದ್ದೆಯಾಗುತ್ತದೆ. ಒಂದು ಇಡೀ ಮೊಟ್ಟೆ, ಮೇಲೆ ಎರಡರ ಬಿಳಿ ಭಾಗ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು, ಹಾಲಲ್ಲಿ ಕಲಸಿದ ಪುಡಿ, ಬಾದಾಮಿ ಪುಡಿ, ಇವೆಲ್ಲದರ ವಾಸನೆ ಮುಚ್ಚಲು ಚಕ್ಕೆ. ಉರಿ ಸಣ್ಣಗಿರಬೇಕು. ಪುಡಿ ಹಾಕಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬಾಣಲೆ ಕಾಯುತ್ತಿದ್ದೆ. ರುಚಿ ಮಾತ್ರ ನೋಡುತ್ತಿರಲಿಲ್ಲ. ಅವಳ ಪಾಲಿನ ಒಂದು ಚೂರೂ ನನ್ನ ಹೊಟ್ಟೆಗೆ ಹೋಗಬಾರದು ಎಂಬ ಹಟ.

ತಟ್ಟೆ ಹಿಡಿದು ಅವಳು ಮುಂದಿನ ಕೋಣೆಗೆ ಹೋಗುತ್ತಿದ್ದಳು. ಬೆಳಗಿನ ಬಿಸಿಲು ಬೀಳುವುದು ಅಲ್ಲೇ. ನಾನು ಬಾಣಲೆ ತೊಳೆದು, ಹಿಂಬಾಗಿಲಿನಿಂದ ಹೊರಗೆ ಹೋಗಿ ಕಾರು ಒರೆಸುತ್ತಿದ್ದೆ. ಮೊದಲ ಪಾಠಕ್ಕೆ ಬರುತ್ತಿದ್ದವರು ಕನ್ನಡಕದಂಗಡಿಯವರು. ಊರಿನ ಕಣ್ಣನ್ನೆಲ್ಲ ಸರಿಮಾಡುವ ಮನುಷ್ಯ, ರಿವರ್ಸ್ ತೆಗೆಯುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಕಾರು ಒರೆಸುವಷ್ಟು ಹೊತ್ತು ಅವರು ಮುಂದಿನ ಕೋಣೆಯಲ್ಲಿ ಕೂತಿರುವುದು ರೂಢಿ. ಒಳಗೆ ಬಂದು ನೋಡಿದರೆ ತಟ್ಟೆ ಖಾಲಿ. ನಮ್ಮಾಕೆ ಸೆರಗಿನಿಂದ ಬಾಯಿ ಒರೆಸಿಕೊಂಡು “ಚೆನ್ನಾಗಿತ್ತು ಕಣ್ರೀ” ಅನ್ನುತ್ತಿದ್ದಳು. ನನಗೆ ಆನೆ ಬಲ ಬರುತ್ತಿತ್ತು.

ಸೋಮವಾರಕ್ಕೆ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿ ಹಾಸಿಗೆ ಕಾದಿರಿಸಿದರು. ಅದಕ್ಕೆ ಮೊದಲು ಒಂದು ರಕ್ತ ಪರೀಕ್ಷೆ. ಫಲಿತಾಂಶ ನೋಡಿದರೆ ಪ್ರೋಟೀನಿನ ಅಂಕಿ ಮೇಲೇರುವುದಿರಲಿ, ಇದ್ದದ್ದಕ್ಕಿಂತ ಕೆಳಗಿಳಿದಿತ್ತು. ಸರ್ಜನ್ ತುಟಿ ಕಚ್ಚಿಕೊಂಡರು. ಶನಿವಾರ ಇನ್ನೊಮ್ಮೆ ನೋಡೋಣ, ಆಗಲೂ ಏರದಿದ್ದರೆ ಮೂಗಿಗೆ ನಳಿಗೆ ಹಾಕಿಯಾದರೂ ಆಹಾರ ಕೊಡೋಣ ಎಂದರು. ಇಷ್ಟೆಲ್ಲ ಎಲ್ಲಿಗೆ ಹೋಗುತ್ತಿದೆ? ಕಾಯಿಲೆಯೇ ತಿನ್ನುತ್ತಿದೆಯೇ? ಮರುದಿನ ಬೆಳಗ್ಗೆ ಪುಡಿ ಇನ್ನೊಂದು ಚಮಚ ಹೆಚ್ಚು ಹಾಕಿದೆ, ವಾಸನೆ ಮುಚ್ಚಲು ಚಕ್ಕೆಯನ್ನೂ ಹೆಚ್ಚು ಹಾಕಿದೆ.

ಕನ್ನಡಕದಂಗಡಿಯವರು ಅಂದು ಚೆನ್ನಾಗಿಯೇ ಓಡಿಸುತ್ತಿದ್ದರು. ಸೇತುವೆ ದಾಟಿ ಮೂರನೇ ಗೇರಿಗೆ ಹಾಕಿದರು, ಗೇರು ಕಿರುಗುಟ್ಟಲೂ ಇಲ್ಲ. ಆ ಖುಷಿಗೆ ಮಾತು ತೆಗೆದರು.

“ಮಾಸ್ಟ್ರೇ, ತಪ್ಪು ತಿಳ್ಕೋಬೇಡಿ. ಇವತ್ತು ಟೋಸ್ಟಲ್ಲಿ ಚಕ್ಕೆ ಸ್ವಲ್ಪ ಜಾಸ್ತಿ ಆಯ್ತು.”

ನನ್ನ ಕಾಲ ಕೆಳಗೂ ಒಂದು ಬ್ರೇಕಿದೆ, ಕಲಿಸುವ ಕಾರುಗಳಲ್ಲಿ ಇರುತ್ತದೆ. ಅದನ್ನು ತುಳಿದೇಬಿಟ್ಟೆ. ಕಾರು ಮುಗ್ಗರಿಸಿ ನಿಂತಿತು. ಹಿಂದಿನ ಲಾರಿಯವನು ನಮ್ಮ ವಂಶವನ್ನೆಲ್ಲ ಬೈದು ಹೋದ.

“ಯಾವ ಟೋಸ್ಟು?”

“ಅದೇ... ದಿನಾ ಕೊಡ್ತಾರಲ್ಲ ಅಮ್ಮಾವ್ರು. ಪಾಠಕ್ಕೆ ಬರೋರು ಖಾಲಿ ಹೊಟ್ಟೇಲಿ ಇರಬಾರ್ದು ಅಂತ ನೀವೇ ಮಾಡಿಸ್ತೀರಿ ಅಂದ್ರು.” ಅವರು ನಾಚಿಕೊಂಡು ಸೊಂಟ ಮುಟ್ಟಿಕೊಂಡರು. “ಬೆಲ್ಟಿಗೆ ಇನ್ನೊಂದು ತೂತು ಹಾಕಿಸ್ದೆ. ಇದನ್ನ ಮಾತ್ರ ಮನೆಯವ್ಳಿಗೆ ಹೇಳಿಲ್ಲ.”

ಅವರದೇನೂ ತಪ್ಪಿಲ್ಲ. ಆದರೂ ಆ ಕ್ಷಣ ಅವರ ಉಬ್ಬಿದ ಕೆನ್ನೆ ನೋಡಿ ನನ್ನ ಪಿತ್ತ ನೆತ್ತಿಗೇರಿತು. ನಮ್ಮಾಕೆಯ ಮೈಯಲ್ಲಿ ಇರಬೇಕಾದದ್ದು ಅಲ್ಲಿ ಕೂತಿತ್ತು. ಅವರನ್ನು ಪಕ್ಕಕ್ಕೆ ಕೂರಿಸಿ, ನಾನೇ ಕಾರು ತಿರುಗಿಸಿ, ಅವರ ಅಂಗಡಿಯ ಮುಂದೆ ಇಳಿಸಿ ಮನೆಗೆ ಬಂದೆ.

ಅವಳು ಅದೇ ಬಿಸಿಲಲ್ಲಿ ಕೂತಿದ್ದಳು. ರವಿಕೆಯ ತೋಳು ಅವಳ ಕೈಗಿಂತ ಎಷ್ಟೋ ದೊಡ್ಡದಾಗಿತ್ತು. ನನ್ನ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು.

“ಅವ್ರು ಹೇಳಿದ್ರಾ?” ಅಂದಳು.

ನಾನು ಕೂಗಾಡಿದೆ. ಕತ್ತಲಲ್ಲಿ ಎದ್ದು ಮೊಟ್ಟೆ ಒಡೆಯುವವನು ಹುಚ್ಚನಾ ಅಂದೆ. ನನ್ನನ್ನು ಕಣ್ಣೆದುರೇ ಮಂಗ ಮಾಡಿದೆಯಲ್ಲ ಅಂದೆ. ಸಾಯಬೇಕು ಅಂತ ಇದೆಯಾ ನಿನಗೆ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಡಾಕ್ಟ್ರು ಹೇಳಿದ್ದು ನೀವು ಅರ್ಧ ಕೇಳಿಸ್ಕೊಂಡ್ರಿ,” ಅಂದಳು. “ಮಿಕ್ಕಿದ್ದನ್ನ ನಾನು ಕೇಳಿಸ್ಕೊಂಡೆ. ಆಪರೇಷನ್ ಮಾಡಿದ್ರೂ ಪೂರ್ತಿ ತೆಗೆಯೋಕಾಗಲ್ಲ ಅಂದ್ರು. ಹೆಚ್ಚು ಅಂದ್ರೆ ಸ್ವಲ್ಪ ಕಾಲ ಮುಂದಕ್ಕೆ ಹೋಗುತ್ತೆ, ಅದ್ರಲ್ಲಿ ಅರ್ಧ ಆಸ್ಪತ್ರೇಲೇ ಕಳೆಯುತ್ತೆ ಅಂದ್ರು. ಮೂಗಲ್ಲೊಂದು ನಳಿಗೆ, ಹೊಟ್ಟೇಲೊಂದು ನಳಿಗೆ. ಹೋದ ಸಲ ಹಾಗೆ ಮಲಗಿದ್ದೋಳು ನಾನು ರೀ. ಇನ್ನೊಂದ್ಸಲ ನನ್ ಕೈಲಾಗಲ್ಲ.”

“ಅದನ್ನ ನಂಗೆ ಹೇಳ್ಬೇಕಿತ್ತು.”

“ಹೇಳೋಣ ಅಂತ ಅಡುಗೆಮನೆಗೆ ಬಂದಾಗೆಲ್ಲ ನೀವು ಮೊಟ್ಟೆ ಕಡೀತಾ ಇದ್ರಿ. ಮೀಸೆಗೆಲ್ಲ ಪುಡಿ ಮೆತ್ಕೊಂಡು. ಆ ಮುಖ ನೋಡಿ ಹೆಂಗ್ರೀ ಬೇಡ ಅನ್ನಲಿ?”

“ತಿಂದಿದ್ರೆ ಏನಾಗ್ತಿತ್ತು?”

“ಅಂಕಿ ಏರ್ತಿತ್ತು. ಸೋಮವಾರ ನೀವು ನನ್ನ ಕರ್ಕೊಂಡ್ಹೋಗ್ತಿದ್ರಿ.” ಅವಳು ನಕ್ಕಳು. ಆ ನಗುವಿನಲ್ಲಿ ತಮಾಷೆಯೂ ಇತ್ತು, ಅದೇ ನನ್ನನ್ನು ಇರಿದದ್ದು. “ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ ಅಭ್ಯಾಸ ನಿಮ್ಗೆ. ಓಡಿಸೋರು ಏನಂತಾರೆ ಅಂತ ಯಾವತ್ತು ಕೇಳಿದ್ದೀರಿ?”

ನಾನು ಹೊರಗೆ ಹೋಗಿ ಕಾರಿನೊಳಗೆ ಕೂತೆ. ಗಾಜು ಏರಿಸಿಕೊಂಡು ಅತ್ತೆ. ಹೆಂಗಸರಂತೆ ಅಳಬೇಡ ಎಂದು ಹೇಳುವವರು ಯಾರೂ ಅಲ್ಲಿ ಇರಲಿಲ್ಲ, ಇದ್ದಿದ್ದರೆ ಒದ್ದು ಕಳಿಸುತ್ತಿದ್ದೆ. ಅವಳ ಮೇಲೆ ಸಿಟ್ಟಿತ್ತು. ಸರ್ಜನ್ ಮೇಲೂ, ನಾದಿನಿಯ ಡಬ್ಬದ ಮೇಲೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಭಯವಿತ್ತು. ಅವಳಿಲ್ಲದ ಮನೆಯ ಬಾಗಿಲು ತೆಗೆದು ಒಳಗೆ ಹೋಗುವುದು ಹೇಗೆಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಒಳಗೆ ಬಂದಾಗ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು.

“ನನಗೆ ಹೆದರಿಕೆ ಆಗ್ತಿದೆ ಕಣೇ,” ಅಂದೆ.

“ನಂಗೂ ಆಗ್ತಿದೆ,” ಅಂದಳು. ನಾವಿಬ್ಬರೂ ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ಅವಳು, “ಒಂದು ತುಂಡು ಟೋಸ್ಟ್ ಮಾಡ್ಕೊಡಿ. ಪುಡಿ ಬೇಡ, ಮೊಸರೂ ಬೇಡ. ಬೆಣ್ಣೇಲಿ ಕೆಂಪಗೆ ಬೇಯಿಸಿ ಮೇಲೆ ಸಕ್ಕರೆ ಉದುರ್ಸಿ, ಸಾಕು,” ಅಂದಳು.

ಮೊಟ್ಟೆ ಒಡೆದು ಹಾಲು ಹಾಕಿದೆ. ಡಬ್ಬ ಕೈಗೆ ಸಿಗುವಲ್ಲೇ ಇತ್ತು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ನನ್ನ ಕೈ ತಾನಾಗಿಯೇ ಮುಚ್ಚಳ ತೆಗೆದು ಚಮಚ ಅದ್ದಿತು. ಒಂದೇ ಚಮಚ. ಅವಳಿಗೆ ಗೊತ್ತಾಗುವುದಿಲ್ಲ, ಅಥವಾ ಗೊತ್ತಾದರೂ ನನ್ನ ಮುಖ ನೋಡಿ ಸುಮ್ಮನೆ ನುಂಗಿಬಿಡುತ್ತಾಳೆ. ಚಮಚ ಬಟ್ಟಲಿನ ಮೇಲೆ ಹಿಡಿದು ನಿಂತೆ. ಬಾಣಲೆಯಲ್ಲಿ ಬೆಣ್ಣೆ ಹೊಗೆಯಾಡಲು ಶುರುವಾಯಿತು. ಕೊನೆಗೆ ಪುಡಿಯನ್ನು ಡಬ್ಬಕ್ಕೇ ಸುರಿದು ಮುಚ್ಚಳ ಬಿಗಿದೆ. ಅಷ್ಟು ಭಾರದ ಚಮಚವನ್ನು ನಾನು ಜೀವಮಾನದಲ್ಲಿ ಎತ್ತಿರಲಿಲ್ಲ.

ಅವಳು ನನ್ನೆದುರೇ ಕೂತು ತಿಂದಳು. ಇಷ್ಟು ದಿನ ಮಾಡಿ ಮಾಡಿ ಹಾಕಿದವನು, ಅವಳು ತಿನ್ನುವುದನ್ನು ನೋಡಿದ್ದು ಆಗಲೇ. ಸಣ್ಣ ಸಣ್ಣ ಚೂರು ಮುರಿದು, ಒಂದೊಂದನ್ನೂ ಅಗಿದು, ನಡುನಡುವೆ ಉಸಿರು ತೆಗೆದುಕೊಂಡು ತಿಂದಳು. ಅಂಚು ಮಾತ್ರ ಸ್ವಲ್ಪ ಸೀದಿದೆ ಅಂದಳು. ತಟ್ಟೆಯಲ್ಲಿ ಉಳಿದ ಸಕ್ಕರೆಯನ್ನು ಬೆರಳಿಗೆ ಹತ್ತಿಸಿಕೊಂಡು ನೆಕ್ಕಿದಳು. ಆಮೇಲೆ ನನ್ನನ್ನೇ ನೋಡುತ್ತಾ ಕೂತಳು.

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ನಾನು ಫೋನ್ ತೆಗೆದು ಆಸ್ಪತ್ರೆಗೆ ಮಾಡಿದೆ. ಎತ್ತಿದ ಹುಡುಗಿ ಎರಡು ಸಲ ‘ಹಲೋ, ಹೇಳಿ’ ಅಂದಳು. ನಮ್ಮಾಕೆ ಮೇಜಿನ ಮೇಲಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಸೋಮವಾರದ ಹಾಸಿಗೆ,” ಅಂದೆ, “ಬೇರೆ ಯಾರಿಗಾದ್ರೂ ಕೊಟ್ಬಿಡಿ ತಾಯಿ.”