ತಣಿಯಬೇಕಿದ್ದ ದೀಪಗಳು

ಬೊಂಡಾಸ್ ಹಿಡಿಯುವವರಿಗೆ ದೀಪ ಹಚ್ಚುವುದಕ್ಕಿಂತ ಆರಿಸುವುದೇ ದೊಡ್ಡ ವಿದ್ಯೆ. ಸ್ಕ್ವಿಡ್ ಎನ್ನುವ ಆ ಮೆದು ಮೈಯ ಕಡಲಪ್ರಾಣಿ ಬೆಳಕು ಕಂಡು ಬರುತ್ತದೆ ನಿಜ, ಬಂದು ದೋಣಿಯಡಿಯ ನೆರಳಲ್ಲಿ ಅವಿತು ಕೂರುತ್ತದೆ. ಆಗ ದೊಡ್ಡ ದೀಪಗಳನ್ನೆಲ್ಲ ಆರಿಸಿ ಬಲೆಯ ಬದಿಗೆ ಒಂದು ಪುಟ್ಟ ಕೆಂಪು ದೀಪ ಉಳಿಸಿದರೆ ಹಿಂಡುಹಿಂಡಾಗಿ ಮೇಲೇಳುತ್ತದೆ. ತಮ್ಮನಿಗೆ ಇದನ್ನು ಕಲಿಸಿದವನು ಅಣ್ಣ. ಅಣ್ಣ ಹೋದ ಮೇಲೆ ತಮ್ಮ ದೀಪ ಆರಿಸುವುದನ್ನೇ ಬಿಟ್ಟ. ರಾತ್ರಿಯಿಡೀ ದೀಪಕ್ಕೆಂದೇ ಡೀಸೆಲ್ ಸುಟ್ಟು ಬುಟ್ಟಿಯ ತಳ ಮುಚ್ಚುವಷ್ಟು ತರುತ್ತಿದ್ದ.

ಹಳೆಯ ದೀಪಗಳ ಬುದ್ಧಿಯೇ ಕೆಟ್ಟದ್ದು. ಒಮ್ಮೆ ಆರಿಸಿದರೆ ಪೂರ್ತಿ ತಣಿಯುವ ತನಕ ಮತ್ತೆ ಹತ್ತುವುದಿಲ್ಲ, ಕಾಲಿಗೆ ಬಿದ್ದರೂ ಇಲ್ಲ. ಅಣ್ಣ ಹೋದ ರಾತ್ರಿ, ತಮ್ಮ ದೀಪ ಆರಿಸಿದ ಗಳಿಗೆಯಲ್ಲೇ, ಆಚೆ ಬದಿಯಲ್ಲಿದ್ದ ಅವನು ಕಾಲು ಜಾರಿ ನೀರಿಗೆ ಬಿದ್ದ. "ದೀಪ ಹಾಕೋ" ಎಂದು ಕತ್ತಲೊಳಗಿಂದ ಕೂಗುತ್ತಲೇ ಇದ್ದ. ತಮ್ಮ ಸ್ವಿಚ್ಚು ಒತ್ತುತ್ತಲೇ ಇದ್ದ. ದೀಪ ಹತ್ತುವಷ್ಟರಲ್ಲಿ ಕೂಗು ನಿಂತಿತ್ತು. ಅಂದಿನಿಂದ ಎಲ್ಲಿ ದೀಪ ಆರಿದರೂ, ಮಲಗುವ ಕೋಣೆಯದಾದರೂ ಸರಿ, ಆ ಕೂಗು ಅವನ ಕಿವಿಗೆ ಬೀಳುತ್ತಿತ್ತು.

ದೋಣಿಯಲ್ಲಿ ಅರ್ಧ ಪಾಲು ಅತ್ತಿಗೆಯದು. ಅವಳಿಗೆ ಮಾತು ಕಡಿಮೆ, ಹಟ ಜಾಸ್ತಿ. ಒಂದು ದಿನ ಹಳೆಯದನ್ನೆಲ್ಲ ಕಳಚಿಸಿ ಎಲ್‌ಇಡಿ ಹಾಕಿಸಿಯೇಬಿಟ್ಟಳು.

"ಡೀಸೆಲ್ ಅರ್ಧಕ್ಕರ್ಧ ಉಳಿಯುತ್ತಂತೆ," ಎಂದಳು. "ಒತ್ತಿದ ಕೂಡ್ಲೇ ಹತ್ತುತ್ತೆ, ನಾನೇ ನೋಡ್ದೆ. ಇವತ್ತಾದ್ರೂ ಆರ್ಸು. ಇಲ್ಲಾಂದ್ರೆ ದೋಣಿ ಮಾರಿಬಿಡೋಣ."

"ಆರಿಸಿದ್ರೆ ಅಣ್ಣ ಕರೀತಾನೆ, ಅತ್ತಿಗೆ."

"ಕರೀಲಿ. ಕರೆದ್ರೆ ದೀಪ ಹಾಕು."

ಆ ರಾತ್ರಿ ಅವನು ಆರಿಸಿದ. ಬೆರಳು ಸ್ವಿಚ್ಚಿನ ಮೇಲೇ ಇತ್ತು. ಕೆಂಪು ಬೆಳಕಿನತ್ತ ಬೊಂಡಾಸ್‌ಗಳು ಬುಳಬುಳನೆ ಎದ್ದವು, ಬಲೆಯವರು ಹುರುಪಿನಿಂದ ಎಳೆಯತೊಡಗಿದರು. ತಮ್ಮ ಆಚೆ ಬದಿಗೆ ಕಿವಿಗೊಟ್ಟು ನಿಂತ. ಕೂಗಿಲ್ಲ. ದೀಪ ಹಾಕಿದ. ಕಡಲು ತಟ್ಟನೆ ಬೆಳ್ಳಗಾಯಿತು, ಬರಿದಾಗಿತ್ತು. ಮತ್ತೆ ಆರಿಸಿದ, ಮತ್ತೆ ಹಾಕಿದ.

"ಬಲೆ ಎತ್ತೋ ಹೊತ್ತಲ್ಲಿ ಇದೇನು ಹುಚ್ಚಾಟ? ಎಲ್ಲಾ ಚದುರಿ ಹೋಗ್ತಿದೆ," ಎಂದು ಬಲೆಯವನೊಬ್ಬ ಗದರಿದ.

ಅದು ಅವನ ತಲೆಗೆ ಹೋಗಲಿಲ್ಲ. ಇಷ್ಟು ವರ್ಷ ಬೇಡವೆಂದರೂ ಬೆನ್ನು ಬಿಡದ ದನಿ ಇವತ್ತು ಬಾಯಿ ಕಟ್ಟಿಕೊಂಡಿತ್ತು. ಅವನಿಗೆ ಅಳು ಒತ್ತರಿಸಿ ಬಂತು. ಇನ್ನೊಮ್ಮೆ ಆರಿಸಿ, ಕತ್ತಲ ಕಡೆಗೆ ಬಾಗಿ ಮೆಲ್ಲಗೆ ಅಂದ:

"ಒಂದ್ಸಲ ಕೂಗೋ ಅಣ್ಣಾ. ಈಗ ತಕ್ಷಣ ಹತ್ತುತ್ತೆ."