ನಡುವಿನ ಅರ್ಧ ಎಕರೆ

ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಎರಡು ಮನೆಯವರು ಗಂಡಸಿ ಊರಿನ ಆಚೆಯ ಗೋಮಾಳಕ್ಕೆ ಬಂದು ಐವತ್ತು ವರ್ಷದ ಹತ್ತಿರವಾಯಿತು. ಮುಳುಗಿದ ಊರಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದವರು ಇಲ್ಲಿ ಬದುವಿಗಾಗಿ ಬದ್ಧವೈರಿಗಳಾದರು. ಎರಡು ಹೊಲಗಳ ನಡುವೆ ಅರ್ಧ ಎಕರೆ ಯಾರದೂ ಅಲ್ಲದ್ದರಿಂದ ಇಬ್ಬರದೂ ಆಗಿ ಬಿದ್ದಿತ್ತು.

ಈ ಸಲ ಎರಡೂ ಮನೆಯವರು ಹಾಕಿದ್ದ, ಸಾಗುವಳಿ ಮಾಡಿದವರಿಗೇ ಸರ್ಕಾರಿ ನೆಲ ಬರೆದುಕೊಡುವ ಬಗರ್‌ಹುಕುಂ ಅರ್ಜಿಗೆ ಸ್ಥಳ ತನಿಖೆ ಎಂದು ನೋಟಿಸು ಬಂದೊಡನೆ ಒಂದು ಮನೆಯ ಉಮೇಶ್ ಅಲ್ಲಿ ಹತ್ತು ತೆಂಗಿನ ಸಸಿ ನೆಟ್ಟ. ಆ ತುಂಡು ಸಿಕ್ಕರೆ ಅವನ ಹೊಲಕ್ಕೆ ದಾರಿ. ಇಲ್ಲದಿದ್ದರೆ ಕಾಯಿ ತುಂಬಿದ ಗಾಡಿ ಇನ್ನೊಂದು ಮನೆಯ ತಮ್ಮಯ್ಯನ ಕಣ ಹಾದು, ಅವನ ಬೈಗುಳ ಕೇಳಿಕೊಂಡೇ ಹೋಗಬೇಕು. ಯಾರ ದನಿಯನ್ನಾದರೂ ಅಣಕಿಸಬಲ್ಲ ಉಮೇಶ್ ಸಂಜೆ ತಾಯಿ ರಂಗಮ್ಮನ ಮುಂದೆ ರೆವಿನ್ಯೂ ಇನ್‌ಸ್ಪೆಕ್ಟರ ಮೂಗಿನ ದನಿ ತೆಗೆದ: “ಗಿಡ ಯಾರ್ದೋ, ನೆಲ ಅವ್ರ್ದು. ಬರ್ಕೊಳ್ರೀ.” ರಂಗಮ್ಮ ಸೆರಗು ಅಡ್ಡ ಹಿಡಿದು ನಕ್ಕಳು.

ಮೂರನೆಯ ದಿನ ಉಮೇಶನ ಬೋರಿನ ಮೋಟಾರು ಸುಟ್ಟಿತು. ಅರಸೀಕೆರೆಯಲ್ಲಿ ರಿಪೇರಿ ಮಾಡಿಸಿ ತರುವಷ್ಟರಲ್ಲಿ ಎಂಟು ದಿನ, ಅದೂ ಏಪ್ರಿಲ್ ಬಿಸಿಲು. ಸಸಿಗಳು ಸತ್ತಿರುತ್ತವೆಂದೇ ಹೋದವನಿಗೆ ಹತ್ತೂ ಹಸಿರಾಗಿ, ಪಾತಿ ಒದ್ದೆಯಾಗಿ ಕಂಡವು. ತಮ್ಮಯ್ಯನ ತಾಯಿ ಗಿಡ್ಡಮ್ಮ ತಮ್ಮ ಬೋರಿನ ಪೈಪು ಎಳೆದು ತಂದು ನಿಂತಿದ್ದಳು.

“ಏನಜ್ಜಿ, ನೀರು ಹಾಯ್ಸಿ ನೆಲ ಹೊಡ್ಕಳ್ಳೋ ಪ್ಲಾನಾ?”

“ಹೋಗ್ಲಾ. ಒಣಗೋದ್ ನೋಡ್ಕಂಡು ಹೆಂಗ್ ಸುಮ್ಕಿರ್ಲಿ?”

ಬದುವಿನಿಂದ ತಮ್ಮಯ್ಯ ಕೂಗಿದ: “ಅವ್ವ, ಅವ್ನ ಸಾಕ್ಷಿನ ನೀನೇ ಸಾಕ್ತಿದ್ದೀಯಲ್ಲ.”

ಒಬ್ಬನಿಗೆ ಕಳ್ಳಿ, ಇನ್ನೊಬ್ಬನಿಗೆ ದಡ್ಡಿ. ಆಕೆ ಪೈಪನ್ನು ಮುಂದಿನ ಪಾತಿಗೆ ಬಿಟ್ಟಳು.

ತನಿಖೆಯ ದಿನ ಇನ್‌ಸ್ಪೆಕ್ಟರು ಸಸಿಗಳ ಫೋಟೊ ತೆಗೆದು ಕೇಳಿದರು: “ಇವನ್ನ ನೋಡ್ಕೊಂಡೋರು ಯಾರು? ಒಂದೇ ಹೆಸ್ರು ಹೇಳಿ.”

“ನನ್ ಮಗ,” ಎಂದಳು ರಂಗಮ್ಮ.

ಅವರು ಉಮೇಶನತ್ತ ತಿರುಗಿದರು. ಗಿಡ್ಡಮ್ಮ ಒಂದು ಗರಿಗೆ ಮೆತ್ತಿದ್ದ ಮಣ್ಣು ಒರೆಸುತ್ತಿದ್ದಳು. ಹೌದು ಎನ್ನಲು ಎರಡಕ್ಷರ ಸಾಕಿತ್ತು. ಊರವರೆಲ್ಲರ ದನಿ ತೆಗೆಯುತ್ತಿದ್ದವನಿಗೆ ತನ್ನದೇ ಹೊರಡಲಿಲ್ಲ.

“ನೆಟ್ಟಿದ್ದು ನಾನು ಸಾರ್,” ಎಂದ ಆಮೇಲೆ. “ಉಳ್ಸಿದ್ದು ಅಜ್ಜಿ.”

ಇನ್‌ಸ್ಪೆಕ್ಟರು ಗಿಡ್ಡಮ್ಮನ ಹೆಸರು ಬರೆದುಕೊಂಡು ಹೊರಟರು. “ಇನ್ಮೇಲೆ ಕಾಯ್ನ ತಲೆ ಮೇಲೆ ಹೊತ್ಕಂಡ್ ಬಾ,” ಎಂದು ರಂಗಮ್ಮ ಮಗನ ಮುಖ ನೋಡದೆ ನಡೆದಳು.

ಮರುದಿನ ಬೆಳಿಗ್ಗೆ ಉಮೇಶ್ ಗುದ್ದಲಿ ಹಿಡಿದು ಬಂದ.

“ನನ್ ಗಿಡ ನಾನು ಕಿತ್ಕಂಡೋಯ್ತೀನಿ.”

ಗಿಡ್ಡಮ್ಮ ತಡೆಯಲಿಲ್ಲ. ಪೈಪು ತಂದು ಮೊದಲ ಸಸಿಯ ಬುಡ ನೆನೆಸಿದಳು. “ಒಣ ನೆಲ್ದಾಗೆ ಕಿತ್ರೆ ಬೇರು ಹರೀತೈತೆ. ಮಣ್ಣಿನ ಹೆಂಟೆ ಸಮೇತ ಎತ್ತು. ನಮ್ಮನ್ನ ಆ ಊರಿಂದ ಎಬ್ಸಿದಾಗ ಲಾರಿ ತಂದು ನಿಲ್ಲಿಸ್ಬಿಟ್ರು, ಹಿಡಿ ಮಣ್ಣು ತಗಳಾಕೂ ಪುರ್ಸೊತ್ತಿರ್ಲಿಲ್ಲ. ನಿಮ್ಮಪ್ಪ ಕೆಂಚ ಆಗ ಇಷ್ಟೇ ಇದ್ದ. ದಾರಿ ಉದ್ದಕ್ಕೂ ನನ್ ಸೊಂಟದ ಮೇಲೇ ಅಳ್ತಿದ್ದ.”

ಅಪ್ಪ ಇದನ್ನು ಎಂದೂ ಹೇಳಿರಲಿಲ್ಲ. ಉಮೇಶ್ ಗುದ್ದಲಿ ಊರಿಕೊಂಡು ನಿಂತ. ನೆಂದ ಮಣ್ಣು ಒಂದೇ ಏಟಿಗೆ ಬರುವಂತಿತ್ತು.

“ಮಳೆ ಹಿಡೀಲಿ ಅಜ್ಜಿ. ಆಗ ಕೀಳ್ತೀನಿ.”

“ಆಗ ಬೇರು ಇನ್ನೂ ಆಳಕ್ಕೆ ಇಳ್ದಿರ್ತೈತೆ ಕಣೋ.”

“ಗೊತ್ತು,” ಎಂದು ಉಮೇಶ್ ಪೈಪು ಎತ್ತಿ ಎರಡನೆಯ ಪಾತಿಗೆ ಬಿಟ್ಟ.